ಹೊರಡುವ ದಿನವೂ ಪೂರ್ತಿ ದಿನವೇ

“ಕೊನೇ ದಿನ ಲೆಕ್ಕಕ್ಕಿಲ್ಲ ಬಿಡಿ ಅತ್ತಿಗೆ, ಅದು ಏರ್‌ಪೋರ್ಟಿಗೆ ಹೋಗೋ ದಿನ.” ಮಾಟುಂಗದ ಮನೆಯೊಂದರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಬೆಂಗಳೂರಿನ ನೆಂಟರು ಹೇಳಿದ ಮಾತಿದು. ವಿಮಾನ ಇದ್ದದ್ದು ಸಂಜೆ 7.30ಕ್ಕೆ. ಕಾರು ಬಂದು ನಿಂತದ್ದು ಮಧ್ಯಾಹ್ನ 12.30ಕ್ಕೆ. ಮಾಟುಂಗದಿಂದ ವಿಮಾನ ನಿಲ್ದಾಣ ಹೆಚ್ಚೆಂದರೆ 12 ಕಿಲೋಮೀಟರ್. ಹರೆಯವನ್ನೆಲ್ಲ ಈ ಊರಿನ ಲೋಕಲ್ ಗಾಡಿಯಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಬೆಂಗಳೂರು ಸೇರಿದವರು ಅವರು. ಹಳೆಯ ಮುಂಬಯಿಯನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆಂದೇ ಬಂದಿದ್ದರು. ಅಂಥವರೇ ಅರ್ಧ ದಿನವನ್ನು ಹೀಗೆ ಕೈಯಾರೆ ಚೆಲ್ಲಿ ಹೋದರಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಇದು ಅವರೊಬ್ಬರ ಕತೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಮಾಟುಂಗ, ವಡಾಲಾ, ಡೊಂಬಿವಲಿಯ ಕನ್ನಡಿಗರ ಮನೆಗಳಿಗೆ ಇಂಥ ನೆಂಟರು ಬರುತ್ತಲೇ ಇರುತ್ತಾರೆ. ಬಂದ ಮೊದಲ ದಿನಗಳಲ್ಲಿ ಹಳೆಯ ಚಾಳು, ಹಳೆಯ ಆಫೀಸು, ಚೌಪಾಟಿ ಎಂದು ಬೆಳಗಿನಿಂದ ರಾತ್ರಿವರೆಗೆ ತಿರುಗುತ್ತಾರೆ. ಹೊರಡುವ ದಿನ ಬಂತೆಂದರೆ ಬೆಂಗಳೂರು ಅವರೊಳಗೆ ಎದ್ದು ಕೂರುತ್ತದೆ. ಬೆಳಗ್ಗೆಯೇ ಸ್ನಾನ, ತಿಂಡಿ, ಸೂಟ್‌ಕೇಸು ಕಟ್ಟಿ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ಮೊಬೈಲಿನಲ್ಲಿ ರಸ್ತೆಯ ಕೆಂಪು ಗೆರೆ ನೋಡುತ್ತಾ ಕೂರುವುದು. ಮುಂಬಯಿಯಲ್ಲಿ ಹೊರಡುವ ದಿನ ಗಾಡಿಗೆ ಒಂದೂವರೆ ತಾಸು ಮುಂಚಿನವರೆಗೂ ನಿಮ್ಮದೇ. ಈ ಸೌಕರ್ಯ ಇಷ್ಟು ಸಲೀಸಾಗಿ ಬೇರೆ ಊರಿನಲ್ಲಿ ಸಿಗುವುದು ಕಷ್ಟ. ಇಲ್ಲಿ ದುಡಿದು ಬಾಳಿದವರೇ ಅದನ್ನು ಮರೆತಿದ್ದಾರೆ ಎಂಬುದು ನನ್ನ ಕೊರಗು.

ಬೆಂಗಳೂರಿನ ಲೆಕ್ಕ ಯಾಕೆ ಹಾಗೆ ಎಂಬುದು ಗೊತ್ತಿರುವುದೇ. 2008ರ ಮೇ ತಿಂಗಳಲ್ಲಿ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಅಂದಿನಿಂದ ಜಯನಗರದವರಿಗೆ, ಬನಶಂಕರಿಯವರಿಗೆ ವಿಮಾನ ನಿಲ್ದಾಣ 40 ಕಿಲೋಮೀಟರ್ ಆಚೆಯ ಇನ್ನೊಂದು ಊರು. ಹೆಬ್ಬಾಳದಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ಯಾರೂ ಹೇಳಲಾರರು. ಹಾಗಾಗಿ ಎರಡು ತಾಸು ದಾರಿಗೆ, ಎರಡು ತಾಸು ನಿಲ್ದಾಣಕ್ಕೆ, ಒಂದು ತಾಸು ಭಯಕ್ಕೆ. ಸಂಜೆ 7ರ ವಿಮಾನಕ್ಕೆ ಮಧ್ಯಾಹ್ನ 2ಕ್ಕೆ ಮನೆ ಬಿಡಬೇಕು. ಬೆಳಗ್ಗೆ ಗಾಂಧಿಬಜಾರಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದು ಬರೋಣ ಅಂದರೂ ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ನಿಂತವರ ಗುಂಪು ನೋಡಿದಾಗಲೇ ಕೈಗಡಿಯಾರ ನೆನಪಾಗುತ್ತದೆ. ರೈಲಿನವರ ಪಾಡೂ ಸುಖದ್ದಲ್ಲ. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಯಾವ ಗಾಡಿ ಮೆಜೆಸ್ಟಿಕ್ಕಿನಿಂದ, ಯಾವುದು ಯಶವಂತಪುರದಿಂದ, ಯಾವುದು ಅಲ್ಲಿಂದ ಎಂದು ನೋಡಿಕೊಂಡೇ ಆಟೋ ಕರೆಯಬೇಕು. ಊರಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಹೊರಡುವ ದಿನ ಬೆಂಗಳೂರು ನಮ್ಮನ್ನು ಬೇಗ ಹೊರಗೆ ಕಳಿಸಿಬಿಡುತ್ತದೆ.

ಮುಂಬಯಿಯ ಆಕಾರವೇ ಬೇರೆ. ತೆಂಕಣದಿಂದ ಬಡಗಣಕ್ಕೆ ಉದ್ದಕ್ಕೆ ಚಾಚಿದ ಊರು. ಅದರ ಬೆನ್ನೆಲುಬಿನುದ್ದಕ್ಕೂ ಹಳಿ. ಮನೆ, ಹೋಟೆಲು, ಮಾರುಕಟ್ಟೆ, ದೂರದ ಗಾಡಿಗಳ ಟರ್ಮಿನಸ್ ಎಲ್ಲವೂ ಅದೇ ಹಳಿಯ ಆಚೀಚೆ. ಹಳೆಯ ವಿಟಿ, ಅಂದರೆ ಈಗಿನ ಸಿಎಸ್‌ಎಂಟಿಯಿಂದ ದಾದರ್‌ಗೆ 9 ಕಿಲೋಮೀಟರ್, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಇಪ್ಪತ್ತು ನಿಮಿಷ ಚಿಲ್ಲರೆ. ರಸ್ತೆಯ ಮೇಲೆ ಏನೇ ಆಗಲಿ, ಆ ಇಪ್ಪತ್ತು ನಿಮಿಷ ಮಾಮೂಲಿ ದಿನಗಳಲ್ಲಿ ಅರ್ಧ ಗಂಟೆ ದಾಟುವುದಿಲ್ಲ. ಇದರ ಮೇಲೆ ಈಗ ಮೆಟ್ರೊ 3 ಬಂದಿದೆ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್. 2024ರ ಅಕ್ಟೋಬರ್‌ನಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ವರೆಗೆ, 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ವಿಮಾನ ನಿಲ್ದಾಣದ ಟಿ1, ಟಿ2 ಎರಡಕ್ಕೂ ಇದರಲ್ಲಿ ಪ್ರತ್ಯೇಕ ಸ್ಟೇಷನ್ ಇದೆ. ದಾದರ್‌ನಲ್ಲಿ ಹತ್ತಿದರೆ ಅರ್ಧ ಗಂಟೆಯೊಳಗೆ ಟಿ2. ಅಂದರೆ ಆ 7.30ರ ವಿಮಾನಕ್ಕೆ ಸಂಜೆ 4.45ಕ್ಕೆ ದಾದರ್‌ನಲ್ಲಿ ಇದ್ದಿದ್ದರೂ ಸಾಕಿತ್ತು. ನಡುವಿನ ನಾಲ್ಕು ತಾಸು ಸುಮ್ಮನೆ ಹೋಯಿತು. ಟಿಕೆಟ್ಟನ್ನು ಮಾತ್ರ ಮೇಲೆ ಇರುವಾಗಲೇ ತೆಗೆದಿಟ್ಟುಕೊಳ್ಳಿ, ಸುರಂಗದೊಳಗೆ ಮೊಬೈಲ್ ಸಿಗ್ನಲ್ ಕೈಕೊಡುವುದುಂಟು. ಮತ್ತೊಂದು ಹೊಸ ಎಚ್ಚರಿಕೆ: 2025ರ ಡಿಸೆಂಬರ್‌ನಿಂದ ನವಿ ಮುಂಬಯಿ ವಿಮಾನ ನಿಲ್ದಾಣವೂ ನಡೆಯುತ್ತಿದೆ. ಟಿಕೆಟ್ಟಿನಲ್ಲಿ ಬಿಒಎಂ ಬದಲು ಎನ್‌ಎಂಐ ಎಂದಿದ್ದರೆ ನೀವು ಹೋಗಬೇಕಾದದ್ದು ಖಾಡಿಯ ಆಚೆಗೆ, ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಕೊನೆಯ ದಿನ ಕೆಡುವುದು ಲಗೇಜಿನಿಂದ. ಸೂಟ್‌ಕೇಸು ಕೈಯಲ್ಲಿದ್ದರೆ ಹೋಟೆಲಿನ ಮೇಜಿನ ಕೆಳಗೆ ಜಾಗ ಇಲ್ಲ, ಲೋಕಲ್‌ನಲ್ಲಿ ಉಸಿರಿಲ್ಲ, ಫುಟ್‌ಪಾತಿನಲ್ಲಿ ಚಕ್ರ ಓಡುವುದಿಲ್ಲ. ಆದ್ದರಿಂದ ಮೊದಲ ಕೆಲಸ ಅದನ್ನು ಇಳಿಸುವುದು. ರಾತ್ರಿ ಸಿಎಸ್‌ಎಂಟಿಯಿಂದ ಹೊರಡುವವರು ಬೆಳಗ್ಗೆಯೇ ಅಲ್ಲಿನ ಕ್ಲೋಕ್ ರೂಮಿಗೆ ಹಾಕಿಬಿಡಬೇಕು. ಪ್ರಯಾಣದ ಟಿಕೆಟ್ ಇದ್ದವರ ಚೀಲ ಮಾತ್ರ ಅಲ್ಲಿ ತೆಗೆದುಕೊಳ್ಳುತ್ತಾರೆ. ಪಿಎನ್ಆರ್ ಕಾಣುವ ಟಿಕೆಟ್ಟು, ಗುರುತಿನ ಚೀಟಿ ಎರಡೂ ಕೈಯಲ್ಲಿರಲಿ. ಪ್ರತಿ ಚೀಲಕ್ಕೂ ಬೀಗ ಇರಬೇಕು. ಕೌಂಟರಿನಿಂದ ವಾಪಸು ಬರುವವರಲ್ಲಿ ಬಹಳ ಮಂದಿ ಈ ಬೀಗ ಇಲ್ಲದವರು. ಎರಡು ಜಿಪ್ಪನ್ನು ಕೂಡಿಸಿ ಹಾಕುವಷ್ಟು ಸಣ್ಣ ಬೀಗ ಮನೆಯಿಂದಲೇ ತನ್ನಿ. ಬಾಯಿ ತೆರೆದ ಬಟ್ಟೆ ಚೀಲ, ಹಗ್ಗ ಕಟ್ಟಿದ ರಟ್ಟಿನ ಡಬ್ಬ, ತಿಂಡಿಯ ಪೊಟ್ಟಣ ಇವನ್ನು ಒಪ್ಪುವುದಿಲ್ಲ. ತಿಂಡಿ ಇಟ್ಟರೆ ಇಲಿ ಬರುತ್ತದೆ, ಆ ನಿಯಮ ಸರಿಯಾದದ್ದೇ. ಚೀಲವನ್ನು ಮೊದಲು ಸ್ಕ್ಯಾನರಿಗೆ ಹಾಕಿಸಿಕೊಂಡು ಬಾ ಎಂದು ಹೇಳಬಹುದು, ಅದಕ್ಕೊಂದು ಹತ್ತು ನಿಮಿಷ ಇಟ್ಟುಕೊಳ್ಳಿ. ಬಾಡಿಗೆ 24 ತಾಸಿನ ಲೆಕ್ಕದಲ್ಲಿ, ದುಬಾರಿ ಏನಲ್ಲ. ಕೊಟ್ಟ ರಸೀದಿಯ ಫೋಟೊ ತೆಗೆದುಕೊಳ್ಳಿ. ಬೆವರಿಗೆ ಜೇಬಿನಲ್ಲೇ ನೆಂದು ಹರಿದ ರಸೀದಿ ಹಿಡಿದು ರಾತ್ರಿ 9ಕ್ಕೆ ಕೌಂಟರಿನಲ್ಲಿ ವಾದ ಮಾಡುವುದು ಯಾರಿಗೂ ಬೇಡ. ಇಳಿಸಿಕೊಳ್ಳಲು ಗಾಡಿಗೆ ಒಂದು ತಾಸು ಮೊದಲೇ ಹೋಗಿ, ಎಲ್ಲ ರಾತ್ರಿ ಗಾಡಿಗಳ ಜನವೂ ಒಂದೇ ಹೊತ್ತಿಗೆ ಬರುತ್ತಾರೆ. ಇನ್ನೊಂದು ವಿಷಯ: ಸಿಎಸ್‌ಎಂಟಿಯಲ್ಲಿ 1ರಿಂದ 7 ಲೋಕಲ್ ಪ್ಲಾಟ್‌ಫಾರ್ಮ್, 8ರಿಂದ 18 ಮೇಲ್ ಗಾಡಿಗಳದ್ದು. ಲೋಕಲ್ ಇಳಿದ ಕಡೆಯಿಂದ 18ರ ಕಡೆಗೆ ಒಳ್ಳೆಯ ನಡಿಗೆಯೇ ಇದೆ. ಮಂಡಿನೋವಿನವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಲೋಕಲ್ ಹತ್ತುವ ಹೊತ್ತು ಹಳಬರಿಗೆ ಹೇಳಿಕೊಡಬೇಕಿಲ್ಲ ಅಂದುಕೊಳ್ಳಬಹುದು. ಆದರೆ ಬಿಟ್ಟು ಹೋಗಿ ಹತ್ತು ವರ್ಷವಾದವರ ಮೈ ಮರೆತಿರುತ್ತದೆ. ಬೆಳಗ್ಗೆ 8ರಿಂದ 11ರ ತನಕ ಜನ ತೆಂಕಣಕ್ಕೆ ಹೋಗುತ್ತಾರೆ, ಸಂಜೆ 5.30ರಿಂದ 9ರ ತನಕ ಬಡಗಣಕ್ಕೆ ಮರಳುತ್ತಾರೆ. ನೀವು ಅದರ ಎದುರಿಗೆ ಹೋಗಬೇಕು. 7.30ರೊಳಗೆ ಚೀಲ ಸಿಎಸ್‌ಎಂಟಿಯಲ್ಲಿ ಇಳಿಸಿ, 8ರ ಮೇಲೆ ಬಡಗಣಕ್ಕೆ ಬರುವ ಸ್ಲೋ ಹಿಡಿದರೆ ಕೂರಲು ಜಾಗ ಸಿಗುತ್ತದೆ. ಮಾಟುಂಗಕ್ಕೆ ಫಾಸ್ಟ್ ನಿಲ್ಲುವುದಿಲ್ಲ, ಸ್ಲೋನೇ ಬೇಕು. ಒಂದು ದಿನದ ಟೂರಿಸ್ಟ್ ಟಿಕೆಟ್ ತೆಗೆದರೆ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಮೂರೂ ಲೈನಿನಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು, ಸರದಿಯ ಕಾಟ ಇಲ್ಲ. ಇನ್ನು ದಾದರ್‌ನಲ್ಲಿ ಹಳಬರೇ ಹೆಚ್ಚು ತಪ್ಪುವುದು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಪ್ಲಾಟ್‌ಫಾರ್ಮ್ ನಂಬರು ಬದಲಾಗಿದೆ. ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದು, ಸೆಂಟ್ರಲ್‌ನವು 8ರಿಂದ 14 ಆಗಿವೆ. ಮೂವತ್ತು ವರ್ಷದ ಅಭ್ಯಾಸದಲ್ಲಿ ಕಾಲು ‘ಸೆಂಟ್ರಲ್ ಒಂದು’ ಹುಡುಕಿಕೊಂಡು ಹೋದರೆ ಆ ನಂಬರಿನಲ್ಲಿ ವೆಸ್ಟರ್ನ್ ಗಾಡಿ ಓಡಾಡುತ್ತಿರುತ್ತದೆ.

ಬೆಳಗಿನ ಮಾಟುಂಗವೇ ಈ ದಿನದ ಜೀವ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಹೂವಿನ ಅಂಗಡಿಗಳು. ನೀರು ಚಿಮುಕಿಸಿದ ಗೋಣಿಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ, ಪಕ್ಕದಲ್ಲಿ ಬಾಳೆ ಎಲೆಯ ಕಟ್ಟು, ಮಾವಿನ ತೋರಣ. ಕಟ್ಟುವವರ ಬೆರಳು ನೋಡುತ್ತಾ ನಿಂತರೆ ಸಾಕು: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಒಂದು ಸುತ್ತು, ಎಳೆತ, ಮತ್ತೆ ಎರಡು. ಕಣ್ಣು ಗಿರಾಕಿಯ ಮೇಲೆ, ಬೆರಳು ತನ್ನಷ್ಟಕ್ಕೆ. ಅಲ್ಲಿಂದ ನಾಲ್ಕು ಹೆಜ್ಜೆಗೆ 1939ರ ರಾಮಾಶ್ರಯ, ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ 1940ರ ಕೆಫೆ ಮದ್ರಾಸ್. ಕರಾವಳಿಯಿಂದ ಬಂದವರು ಕಟ್ಟಿ ಬೆಳೆಸಿದ ಹೋಟೆಲುಗಳಿವು. ಎರಡಕ್ಕೂ ಒಂದೇ ಬೆಳಗ್ಗೆ ಹೋಗುತ್ತೇನೆಂದು ಹೊರಟರೆ ಎರಡೂ ಕೆಡುತ್ತವೆ. ಒಂದನ್ನು ಆರಿಸಿಕೊಳ್ಳಿ. 9ರ ಮುಂಚೆ ಹೋದರೆ ನಿಲ್ಲುವ ಹೊತ್ತು ಕಡಿಮೆ, 10ರ ಮೇಲೆ ಬಾಗಿಲಾಚೆ ಹೆಸರು ಬರೆಸಿ ಕಾಯಬೇಕು. ಮೇಜಿಗೆ ನಾಲ್ವರು ತುಂಬುವಂತೆ ಕೂರಿಸುತ್ತಾರೆ, ಪರಿಚಯ ಇಲ್ಲದವರ ಎದುರು ಕೂತು ತಿನ್ನುವುದಕ್ಕೆ ಸಂಕೋಚ ಬೇಡ. ಈ ಊರಿನ ಮೈಸೂರು ಮಸಾಲೆಯನ್ನು ಬೆಂಗಳೂರಿನವರು ಮೂಗು ಮುರಿದೇ ನೋಡುತ್ತಾರೆ. ಬೆಳ್ಳುಳ್ಳಿ, ಒಣಮೆಣಸಿನ ಕೆಂಪು ಚಟ್ನಿಯನ್ನು ಕಾವಲಿಯ ಮೇಲೇ ಬೆಣ್ಣೆಯೊಡನೆ ಅಂಚಿನವರೆಗೂ ಸವರುತ್ತಾರೆ, ದೋಸೆ ತೆಳು, ಗರಿ. ಗಾಂಧಿಬಜಾರಿನ ದಪ್ಪ, ಕೆಂಪು, ಒಳಗೆ ಮೆತ್ತಗಿನ ದೋಸೆಗೆ ಇದನ್ನು ಹೋಲಿಸಿ ನೋಡಿದರೆ ಎರಡಕ್ಕೂ ಅನ್ಯಾಯ. ಅದು ಚಟ್ನಿ ಸುರಿದುಕೊಂಡು ತಿನ್ನುವ ದೋಸೆ, ಇದು ಮೊದಲ ಐದು ನಿಮಿಷದಲ್ಲಿ ಮುಗಿಸಬೇಕಾದ ದೋಸೆ. ಆರಿದರೆ ಚಟ್ನಿಯ ನೀರಿಗೆ ನಡು ಮೆತ್ತಗಾಗಿ ಗರಿ ಹೋಗುತ್ತದೆ. ಕೊನೆಗೆ ಒಂದು ಅನಾನಸ್ ಶೀರಾ, ಒಂದು ಫಿಲ್ಟರ್ ಕಾಫಿ.

ಮಧ್ಯಾಹ್ನದ ಊಟ ಇಲ್ಲೇ ಬೇಕೆಂದರೆ ಸ್ಟೇಷನ್ನಿಗೆ ಅಂಟಿಕೊಂಡ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರದ್ದು. ಮೊದಲು ಕೂಪನ್, ಆಮೇಲೆ ಬೆಂಚಿನ ಮೇಲೆ ಸರದಿ. ಎಲೆ ಊಟ ಬೇಕೋ ತಟ್ಟೆ ಊಟ ಬೇಕೋ ಎಂದು ಕೂಪನ್ ತೆಗೆಯುವಾಗಲೇ ಹೇಳಬೇಕು. 12.30ರಿಂದ 1.30ರವರೆಗೆ ಜನ ಜಾಸ್ತಿ, 11.30ಕ್ಕೆ ಹೋದರೆ ಒಳ್ಳೆಯದು. ಆದರೆ ಬೆಳಗಿನ ತಿಂಡಿ 9ಕ್ಕೆ ಮುಗಿದಿದ್ದರೆ ಮಾತ್ರ ಆಗ ಹಸಿವು. ಸಾರಿನ ಅನ್ನದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಮಜ್ಜಿಗೆಯ ಅನ್ನಕ್ಕೆ ಜಾಗ ಇರಲಿ. ರಾತ್ರಿ ರೈಲಿನ ಪ್ರಯಾಣ ಇರುವವರಿಗೆ ಹೊಟ್ಟೆ ಹಗುರ ಇಡುವ ಊಟ ಇದಕ್ಕಿಂತ ಬೇರೆ ಇಲ್ಲ.

ತೆಂಕಣ ತುದಿಯ ಹಳೆಯ ಪೇಟೆ ಫೋರ್ಟಿನ ಕಡೆ ಹೋಗುವವರಿಗೆ ಒಂದೇ ಮಾತು: ಇಲ್ಲದ್ದನ್ನು ಹುಡುಕಿ ಕೊನೆಯ ದಿನ ಕಳೆಯಬೇಡಿ. ಕೆಂಪು ಡೀಸೆಲ್ ಡಬಲ್ ಡೆಕರ್ 2023ರ ಸೆಪ್ಟೆಂಬರ್‌ನಲ್ಲಿ ನಿಂತಿತು, ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅದರ ಮರುತಿಂಗಳೇ ಹೋಯಿತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿಗೆ 2018ರಿಂದ ಪ್ರಭಾದೇವಿ ಎಂದು ಹೆಸರು, ಅಲ್ಲಿನ ಹಳೆಯ ಸೇತುವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಕೆಡವಲೆಂದು ಮುಚ್ಚಿದರು. ಸಯನ್ ಸೇತುವೆ 2024ರ ಆಗಸ್ಟ್‌ನಲ್ಲೇ ಮುಚ್ಚಿತು. “ಸಯನ್ ಬ್ರಿಜ್ ಮೇಲಿಂದ ಹೋಗಿ” ಎಂದು ಟ್ಯಾಕ್ಸಿಯವನಿಗೆ ಹಳೆಯ ದಾರಿ ಹೇಳುವವರು ಇದನ್ನು ತಿಳಿದಿರಬೇಕು. ಇರುವುದನ್ನು ನೋಡಿ. ಸಿಎಸ್‌ಎಂಟಿ ಎದುರಿನಿಂದ ನರಿಮನ್ ಪಾಯಿಂಟಿನ ಎನ್‌ಸಿಪಿಎ ರಂಗಮಂದಿರದ ಕಡೆಗೆ ಹೋಗುವ ಎಸಿ ಡಬಲ್ ಡೆಕರಿನ ಮೇಲಿನ ಮುಂದಿನ ಸೀಟಿನಲ್ಲಿ ಕೂತರೆ ಫೋರ್ಟಿನ ಕಮಾನುಗಳು, ಮರದ ಕೊಂಬೆಗಳು ಕಣ್ಣಿನ ಮಟ್ಟದಲ್ಲೇ ಸಾಗುತ್ತವೆ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ತಲೆಮಾರು ನಡೆದಾಡಿದ್ದು ಈ ಗಲ್ಲಿಗಳಲ್ಲೇ. ಅವರ ಮಕ್ಕಳು ಈಗ ಎಂಜಿನಿಯರುಗಳು, ಡಾಕ್ಟರುಗಳು. ಅಪ್ಪಂದಿರನ್ನು ಇಲ್ಲಿಗೆ ಕರೆದು ತಂದಾಗ ಕಾರಿನ ಕಿಟಕಿಯಿಂದ ತೋರಿಸಿದರೆ ಸಾಲದು, ಇಳಿದು ನಡೆಸಬೇಕು. ಮಧ್ಯಾಹ್ನ 2ರಿಂದ 4 ಅದಕ್ಕೆ ಹೊತ್ತು, ಆಫೀಸುಗಳು ಬಿಡುವ ಮುಂಚೆ. ಮೈಕೈ ಸೋತರೆ ಹಾರ್ನಿಮನ್ ಸರ್ಕಲ್ ತೋಟದಲ್ಲಿ ನೆರಳಿದೆ.

ಕೊಂಡುಕೊಳ್ಳುವುದನ್ನು ಕೊನೆಯ ದಿನಕ್ಕೇ ಇಡಿ, ಕಾರಣ ಸರಳ: ಇಲ್ಲಿನ ಗಾಳಿಯ ತೇವಕ್ಕೆ ತಿನ್ನುವ ಪದಾರ್ಥ ಎರಡು ದಿನ ಮೊದಲೇ ತಂದಿಟ್ಟರೆ ಕೆಡುತ್ತದೆ. ಪಾವ್ ಒಯ್ಯುವ ಆಸೆ ಎಲ್ಲರಿಗೂ. ಅದನ್ನು ಸಂಜೆಯ ಬಿಸಿ ಲಾದಿಯಿಂದ, ಬಿಡಿಸದೆ, ಇಡೀ ಹಾಳೆಯಾಗಿ ತೆಗೆದುಕೊಳ್ಳಬೇಕು. ಬಿಸಿ ಇರುವಾಗ ಪ್ಲಾಸ್ಟಿಕ್ಕಿಗೆ ಹಾಕಿದರೆ ಒಳಗೆ ಬೆವರು ಇಳಿದು ಮಾರನೇ ದಿನವೇ ಅಂಟು, ಅದರ ಮರುದಿನ ಬೂಸ್ಟು. ಪೂರ್ತಿ ಆರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಚೀಲದ ಮೇಲುಭಾಗದಲ್ಲಿಡಿ. ಊರು ಮುಟ್ಟಿದ ದಿನವೇ ಮುಗಿಸಿ. ವಡೆಯನ್ನು ಊರಿನಲ್ಲೇ ಕರಿಯಬಹುದು. ಇಲ್ಲಿಂದ ಒಯ್ಯಬೇಕಾದದ್ದು ಬೆಳ್ಳುಳ್ಳಿ, ಒಣಕೊಬ್ಬರಿ, ಕೆಂಪು ಮೆಣಸಿನ ಒಣ ಚಟ್ನಿ. ಕಾಲು ಕಿಲೋ ಒಂದು ಮನೆಗೆ ಒಂದು ತಿಂಗಳಿಗೆ ಸಾಕು, ಒಣ ಚಮಚ ಬಳಸಿದರೆ. ಮಾಹಿಮ್ ಹಲ್ವಾ ವಾರಗಟ್ಟಲೆ ಕೆಡುವುದಿಲ್ಲ, ಆದರೆ ಹಾಳೆ ಹಾಳೆಯಾಗಿ ಇರುವ ಅದನ್ನು ಮಲಗಿಸಿಯೇ ಒಯ್ಯಬೇಕು. ನಿಲ್ಲಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮಾವಾ ಕೇಕನ್ನು ರೈಲಿನವರು ಬಿಟ್ಟುಬಿಡಿ, ಬೇಸಿಗೆಯ ರಾತ್ರಿಯಲ್ಲಿ ಖೋವಾ ಹುಳಿಯಾಗುತ್ತದೆ.

ಹಾಪೂಸು ಮಾವಿನ ಮಾತು ಸ್ವಲ್ಪ ಉದ್ದ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ದಾದರ್‌ನಲ್ಲೂ ಪೆಟ್ಟಿಗೆಗಳ ಗೋಡೆ. ನಮ್ಮ ಧಾರವಾಡ, ತುಮಕೂರು ಕಡೆಯ ಹಣ್ಣೂ ರತ್ನಾಗಿರಿ, ದೇವಗಡದ ಹೆಸರಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಊರಿನಿಂದ ಇಲ್ಲಿಗೆ ಬಂದ ಹಣ್ಣನ್ನೇ ದುಪ್ಪಟ್ಟು ಕೊಟ್ಟು ವಾಪಸು ಊರಿಗೆ ಒಯ್ಯುವ ಕನ್ನಡಿಗರನ್ನು ನೋಡಿದರೆ ಸಂಕಟವಾಗುತ್ತದೆ. 2018ರಲ್ಲಿ ಕೊಂಕಣದ ಹಾಪೂಸಿಗೆ ಜಿಐ, ಅಂದರೆ ಬೆಳೆದ ಸೀಮೆಯ ಹೆಸರಿನ ಮಾನ್ಯತೆ, ಸಿಕ್ಕಿದೆ, ಆದರೆ ಫುಟ್‌ಪಾತಿನಲ್ಲಿ ಅದನ್ನು ನೋಡುವವರು ಯಾರು? ಪೆಟ್ಟಿಗೆಯ ಮೇಲಿನ ಅಕ್ಷರ ಓದದೆ ಒಂದು ಹಣ್ಣು ಕೊಯ್ಯಿಸಿ ನೋಡಿ. ದೇವಗಡದ ಹಣ್ಣಿಗೆ ಸಿಪ್ಪೆ ತೆಳು, ಒಳಗೆ ಗಾಢ ಕೇಸರಿ, ಪರಿಮಳ ತೊಟ್ಟಿನ ಹತ್ತಿರವೇ ಮೂಗಿಗೆ ಬಡಿಯುತ್ತದೆ. ಒಯ್ಯುವುದಕ್ಕೆ ಹಣ್ಣಾದದ್ದು ಬೇಡ, ಹಸಿರು ಇನ್ನೂ ಉಳಿದ, ಒತ್ತಿದರೆ ಗಟ್ಟಿ ಇರುವ ದೋರುಗಾಯಿ ಆರಿಸಿ. ಒಂದು ಡಜನ್ನಿಗೆ ಮೂರು ಕಿಲೋ ಹತ್ತಿರ ತೂಕ. ವಿಮಾನದ ಕೈಚೀಲಕ್ಕೆ 7 ಕಿಲೋ ಮಿತಿ ಇರುವುದರಿಂದ ಎರಡು ಡಜನ್ ಅಂದರೆ ಡಬ್ಬವೂ ಸೇರಿ ಮಿತಿ ತುಂಬಿಬಿಡುತ್ತದೆ, ಚೆಕ್ ಇನ್ನಿಗೇ ಹಾಕಬೇಕು. ತೂತು ಇರುವ ರಟ್ಟಿನ ಡಬ್ಬದಲ್ಲಿ ಹುಲ್ಲು ಹಾಸಿ ಎರಡೇ ಪದರ. ಮೂರನೇ ಪದರ ಇಟ್ಟರೆ ಕೆಳಗಿನದು ಕಪ್ಪಾಗುತ್ತದೆ. ರೈಲಿನಲ್ಲಿ ಮೇಲಿನ ಬರ್ತ್ ಬೇಡ, ಸೀಟಿನ ಕೆಳಗೆ ತಂಪು.

ಹತ್ತುವ ಜಾಗದ ವಿಷಯದಲ್ಲಿ ಗೊಂದಲ ಆಗುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ (ಎಲ್‌ಟಿಟಿ). ಮಂಗಳೂರಿನ ಮತ್ಸ್ಯಗಂಧ ಮಧ್ಯಾಹ್ನ ಮೂರರ ಸುಮಾರಿಗೆ ಅಲ್ಲಿಂದಲೇ ಹೊರಡುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ವರ್ಷದಿಂದ ಕರಾವಳಿಯವರ ಮನೆಗಾಡಿ ಅದು. ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದವರೊಂದಿಗೆ ಚೌಕಾಸಿ ಮಾಡುವುದಕ್ಕಿಂತ ಹಾರ್ಬರ್ ಲೈನಿನ ತಿಲಕ್ ನಗರದಲ್ಲಿ ಇಳಿದು ನಡೆದುಹೋಗುವುದು ಸುಲಭ. ಮಾಟುಂಗದಿಂದ ರಿಕ್ಷಾ ಸಿಗುವುದಿಲ್ಲ, ಸಯನ್ ದಾಟಿ ಬಡಗಣಕ್ಕೆ ಮಾತ್ರ ರಿಕ್ಷಾ, ಇತ್ತ ಟ್ಯಾಕ್ಸಿಯೇ. ಆದರೂ ಕೊನೆಯ ದಿನ ಪೂರ್ತಿ ಕೈಯಲ್ಲಿ ಬೇಕೆನ್ನುವ ಕರಾವಳಿಯವರು ರಾತ್ರಿ 10ರ ಸುಮಾರಿಗೆ ಸಿಎಸ್‌ಎಂಟಿ ಬಿಡುವ ಮಂಗಳೂರು ಗಾಡಿಗೇ ತೆಗೆಸಬೇಕು. ಬೆಳಗಾವಿ, ಹುಬ್ಬಳ್ಳಿ ದಾರಿಯ ಗಾಡಿಗಳು ದಾದರ್‌ನಿಂದ ರಾತ್ರಿ 9.30ರ ಹೊತ್ತಿಗೆ. ಡೊಂಬಿವಲಿ ಕಡೆ ಉಳಿದವರು ಕೊಂಕಣದ ಗಾಡಿಯನ್ನು ಠಾಣೆಯಲ್ಲಿ ಹತ್ತಬಹುದು. ಬೋರ್ಡಿಂಗ್ ಪಾಯಿಂಟನ್ನು ಚಾರ್ಟ್ ಆಗುವ ಮುಂಚೆಯೇ ಬದಲಿಸಿರಬೇಕು, ಇಲ್ಲದಿದ್ದರೆ ನೀವು ಬಂದಿಲ್ಲವೆಂದು ಸೀಟು ಬೇರೆಯವರಿಗೆ ಹೋಗಬಹುದು. ಅಲ್ಲಿ ಗಾಡಿ ನಿಲ್ಲುವುದೂ ನಾಲ್ಕಾರು ನಿಮಿಷ, ನಿಮ್ಮ ಕೋಚು ಎಲ್ಲಿ ಬರುತ್ತದೆಂದು ಮೊದಲೇ ನೋಡಿ ಅಲ್ಲೇ ನಿಲ್ಲಿ.

ಮಳೆಗಾಲದಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ. ದೊಡ್ಡ ಮಳೆಯೂ ಸಮುದ್ರದ ನಾಲ್ಕೂವರೆ ಮೀಟರಿನ ಭರತವೂ ಒಂದೇ ಹೊತ್ತಿಗೆ ಬಿದ್ದರೆ ಊರಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ತುಂಬುತ್ತದೆ, ಸಯನ್–ಕುರ್ಲಾ ನಡುವೆ ಹಳಿ ಮುಳುಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಲೋಕಲ್ಲೂ ಇರಲಿಲ್ಲ, ವಿಮಾನವೂ ಇರಲಿಲ್ಲ. ಜೂನ್ ನಡುವಿನಿಂದ ಕೊಂಕಣ ದಾರಿಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಗಾಡಿಯ ಹೊತ್ತು ಬದಲಾಗಿರುತ್ತದೆ. ಆ ತಿಂಗಳುಗಳಲ್ಲಿ ಬೆಳಗ್ಗೆಯೇ ಭರತದ ಹೊತ್ತು ನೋಡಿಕೊಂಡು, ಅದಕ್ಕೆ ಮುಂಚೆ ಟರ್ಮಿನಸ್ಸಿನ ಹತ್ತಿರ ಇರಬೇಕು.

ಬೆಂಗಳೂರಿನ ಪರವಾಗಿ ಹೇಳಬೇಕಾದದ್ದೂ ಇದೆ, ಒಪ್ಪುತ್ತೇನೆ. ವಾಯುವಜ್ರದಂಥ ವಿಮಾನ ನಿಲ್ದಾಣದ ಬಸ್ಸುಗಳ ಜಾಲ ಈ ಊರಿನಲ್ಲಿಲ್ಲ. ಬನಶಂಕರಿಯಲ್ಲಿ ಸೂಟ್‌ಕೇಸು ಸಮೇತ ಹತ್ತಿ, ಚರಣಿಗೆಯಲ್ಲಿ ಇಟ್ಟು, ತಂಪಿನಲ್ಲಿ ಕೂತು ನೇರ ಟರ್ಮಿನಲ್ ಮುಂದೆ ಇಳಿಯುವ ಸುಖ ಮುಂಬಯಿ ಕೊಡುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬಸವನಗುಡಿಯಲ್ಲಿ ನಡೆದಷ್ಟು ಸಲೀಸಾಗಿ ಫೋರ್ಟಿನಲ್ಲಿ ನಡೆಯಲಾಗದು. ಅಂಗಿ ಬೆನ್ನಿಗೆ ಅಂಟುತ್ತದೆ, ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಎಪ್ಪತ್ತೈದು ದಾಟಿದವರಿಗೆ ಮಧ್ಯಾಹ್ನ ಎರಡು ತಾಸು ಮಲಗಲು ಮನೆ ಬೇಕೇ ಬೇಕು.

ಇದಕ್ಕಿಂತ ದೊಡ್ಡದನ್ನು ಒಪ್ಪಲು ಮನಸ್ಸು ಹಿಂದೆಮುಂದೆ ನೋಡುತ್ತದೆ. ಊರಿನ ಮನೆಯಲ್ಲಿ ಹೊರಡುವ ದಿನ ಹಾಳಾಗುತ್ತದೆ ಎಂದೆನಲ್ಲ, ಅದು ಮನೆಯವರ ಪಾಲಿಗೆ ಹೋಗುತ್ತದೆ. ರಾಹುಕಾಲ ಕಳೆಯಲಿ ಎಂದು ಅರ್ಧ ತಾಸು ಕೂರಿಸುವ ದೊಡ್ಡಮ್ಮ, ಬೇಡ ಬೇಡವೆಂದರೂ ಚಟ್ನಿಪುಡಿಯ ಡಬ್ಬಿಯ ಮೇಲೆ ಇನ್ನೊಂದು ಕವರು ಸುತ್ತುವ ಚಿಕ್ಕಪ್ಪ, ಕುಂಕುಮದ ಬಟ್ಟಲು, ಮೊಸರನ್ನದ ಕಟ್ಟು, ಗೇಟಿನವರೆಗೆ ಬಂದು ಅಲ್ಲಿ ಮತ್ತೆ ಇಪ್ಪತ್ತು ನಿಮಿಷ ಮಾತು. ಮುಂಬಯಿಯ ನಾವು ಅಷ್ಟು ಮಾಡುವುದಿಲ್ಲ. ಬೆಳಗ್ಗೆ 7.40ರ ಗಾಡಿಗೆ ಓಡುವಾಗ ಬಾಗಿಲಲ್ಲೇ ಬೀಳ್ಕೊಟ್ಟು, ರಾತ್ರಿ ಗಾಡಿ ಹೊರಟಿತೇ ಎಂದು ಫೋನು ಮಾಡುತ್ತೇವೆ. ಆ ನೆಂಟರು 12.30ಕ್ಕೆ ಹೊರಟಾಗ ಅವರೊಡನೆ ತಿರುಗಲು ಮನೆಯಲ್ಲಿ ಬಿಡುವಿದ್ದವರು ಯಾರಿದ್ದರು? ಊರು ಎಷ್ಟು ಸಲೀಸಾಗಿದ್ದರೂ ಜೊತೆಗೆ ಬರುವವರಿಲ್ಲದಿದ್ದರೆ ಅರವತ್ತೈದರ ಗಂಡಹೆಂಡತಿ ಲೋಕಲ್ ಹತ್ತಲು ಹಿಂಜರಿಯುವುದು ಸಹಜ. ನೆಂಟರು ಬಂದಾಗ ಹೊರಡುವ ದಿನಕ್ಕೆ ಒಂದು ಸಿಎಲ್ ಇಟ್ಟುಕೊಳ್ಳುವುದು ನಮ್ಮ ಕೈಲಿರುವ ಕೆಲಸ. ಬಂದ ದಿನ ಸ್ಟೇಷನ್ನಿಗೆ ಹೋಗಿ ಕರೆತರಲು ಹಾಕುವ ರಜೆಯನ್ನು ಈ ಕಡೆಗೆ ತಿರುಗಿಸಿದರೆ ಸಾಕು.

ಆ ದಿನ ಯಾವ ವಾರ ಬರಬೇಕೆಂಬುದನ್ನು ಟಿಕೆಟ್ ತೆಗೆಯುವಾಗಲೇ ನಿಶ್ಚಯಿಸಬೇಕು. ಭಾನುವಾರ ಬೇಡ: ಬೆಳಗ್ಗೆ 11ರಿಂದ ಸಂಜೆ 4ರ ಹತ್ತಿರದವರೆಗೆ ಹಳಿ ದುರಸ್ತಿಯ ಮೆಗಾಬ್ಲಾಕ್, ಅದೂ ಸೆಂಟ್ರಲ್‌ನಲ್ಲಿ ಮಾಟುಂಗ–ಮುಲುಂಡ್ ನಡುವೆಯೇ ಹೆಚ್ಚು, ಫೋರ್ಟಿನಲ್ಲಿ ಅಂಗಡಿಗಳ ಕದ ಇಳಿದಿರುತ್ತದೆ, ಬಟ್ಟೆಯ ಮಂಗಲದಾಸ್ ಮಾರ್ಕೆಟ್ಟೂ ಇಲ್ಲ. ಸೋಮವಾರ ಕೆಫೆ ಮದ್ರಾಸ್‌ಗೆ ರಜೆ. ಎಲ್ಲಕ್ಕಿಂತ ಶನಿವಾರ ಮೇಲು. ಲೋಕಲ್‌ನಲ್ಲಿ ಆಫೀಸಿನ ಜನ ಕಡಿಮೆ, ಮಾರುಕಟ್ಟೆ ಪೂರ್ತಿ ತೆರೆದಿರುತ್ತದೆ, ಜೊತೆಗೆ ಬರುವವರಿಗೂ ರಜೆ ಹಾಕುವ ತಾಪತ್ರಯ ಕಡಿಮೆ. ಶನಿವಾರ ರಾತ್ರಿಯ ಗಾಡಿ ಬೇಕಿದ್ದರೆ 60 ದಿನ ಮುಂಚೆ, ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆದ ಕೂಡಲೇ ತೆಗೆಸಿ. ಮೇ ತಿಂಗಳಿನಲ್ಲೂ ಚೌತಿಯ ವಾರದಲ್ಲೂ ಕೊಂಕಣ ದಾರಿಯ ಸ್ಲೀಪರ್ ಕೆಲವೇ ನಿಮಿಷಗಳಲ್ಲಿ ವೇಟಿಂಗ್‌ಗೆ ಹೋಗುತ್ತದೆ.